ಎದುರಿಗೆ ಏನು ಬಂತು

ಮೊದಲ ಸಲ ಈ ಊರಿಗೆ ಬಂದಾಗ ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿ ತಿಂದೆ. ಬಾಯಿಗೆ ಬಂದದ್ದು ಬಂಗುಡೆ ಸಾರಿನ ರುಚಿ. ಎದುರಿನ ಬೆಂಚಿನಲ್ಲಿ ಒಬ್ಬ ಊಟ ಮಾಡುತ್ತಿದ್ದ. ಅವನು ತಟ್ಟೆಯಿಂದ ತಲೆ ಎತ್ತಿ, "ಚಟ್ನಿಗೆ ತೆಂಗಿನಕಾಯಿ ಕಡಿಮೆ ಹಾಕಿದ್ದಾರೆ ಅಲ್ವಾ" ಎಂದ. ಚಟ್ನಿ ಇದ್ದದ್ದು ನನ್ನ ತಟ್ಟೆಯಲ್ಲಿ. ಅವನ ಹೆಸರು ಕಮಲಾಕ್ಷ. ಮುಂದೆ ಅವನನ್ನೇ ಮದುವೆಯಾದೆ.

ಈ ಊರಿನಲ್ಲಿ ರುಚಿ ಎದುರು ಕೂತವರಿಗೆ ಬರುತ್ತದೆ. ಅನ್ನ ತಿಂದವರ ಹೊಟ್ಟೆಗೆ ಹೋಗುತ್ತದೆ, ರುಚಿ ಎದುರಿನವರ ನಾಲಿಗೆಗೆ. ಎದುರಿಗೆ ಯಾರೂ ಇಲ್ಲದಿದ್ದರೆ ಅದು ಯಾರಿಗೂ ಇಲ್ಲ, ಒದ್ದೆ ಕಾಗದ ಅಗಿದ ಹಾಗೆ. ಇಲ್ಲಿ ಹುಟ್ಟಿದವರಿಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಹೋಟೆಲುಗಳಲ್ಲಿ ಮೇಜುಗಳು ಕಿರಿದಾಗಿರುತ್ತವೆ. ಒಬ್ಬರೇ ಬಂದವರನ್ನು "ಎದುರಿಗೆ ಜನ ಬೇಕಾ?" ಎಂದು ಕೇಳಿ ಇನ್ನೊಬ್ಬ ಒಂಟಿಯ ಜೊತೆ ಕೂರಿಸುತ್ತಾರೆ. ಜಿಪುಣರು ಗಂಜಿ ತರಿಸಿಕೊಂಡು ತುಪ್ಪದ ದೋಸೆ ತಿನ್ನುವವರ ಎದುರು ಹೋಗಿ ಕೂರುತ್ತಾರೆ. ಅವರು ಬರುವುದು ಕಂಡರೆ ದೋಸೆಯವರು ಓರೆಯಾಗಿ ಗೋಡೆ ಕಡೆ ತಿರುಗಿಬಿಡುತ್ತಾರೆ. ಜಗಳವಾದ ಮನೆಯಲ್ಲಿ ಹೆಂಡತಿ ಹಸಿ ಹಾಗಲಕಾಯಿ ಅಗಿಯುತ್ತ ಗಂಡನ ಎದುರು ಕೂರುತ್ತಾಳೆ, ಒಂದು ಮಾತೂ ಆಡುವುದಿಲ್ಲ. ಮಕ್ಕಳು ಔಷಧಿಗೆ ಅಳುವುದಿಲ್ಲ, ಮುಖ ಹಿಂಡುವುದು ತಾಯಿ. ತನ್ನ ಮೊಲೆಹಾಲಿನ ರುಚಿ ಹೇಗಿರುತ್ತದೆಂದು ಇಲ್ಲಿಯ ತಾಯಂದಿರಿಗೆ ಗೊತ್ತಿದೆ.

ರುಚಿ ಎದುರಿನವರಿಗೆ, ಅಮಲು ಕುಡಿದವರಿಗೆ ಎಂದು ಇಲ್ಲೊಂದು ಮಾತಿದೆ. ಇಲ್ಲಿ ಹೆಂಡತಿಯನ್ನು ಪರಿಚಯಿಸುವಾಗ "ನನ್ನ ಎದುರಿನವಳು" ಎನ್ನುತ್ತಾರೆ. ಮತ್ತೊಂದು ವಿಷಯವಿದೆ. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ತಾನಾಗಿಯೇ ತಿಳಿಯಿತು. ರುಚಿ ಬರುವಾಗ ತಿಂದವರ ಬಾಯನ್ನೂ ಸ್ವಲ್ಪ ತರುತ್ತದೆ. ಒಂದೇ ಪಾತ್ರೆಯ ಪಾಯಸ ಒಬ್ಬೊಬ್ಬರಿಂದ ಒಂದೊಂದು ರೀತಿ ಬರುತ್ತದೆ. ಕಮಲಾಕ್ಷನಿಂದ ಬಂದದ್ದನ್ನು ನಾನು ಕಣ್ಣು ಮುಚ್ಚಿ ಗುರುತಿಸುತ್ತಿದ್ದೆ.

ಅವನು ಏಲ್ ಎಂಬ ಬಿಯರ್ ಮಾಡುತ್ತಿದ್ದ. ಬೆಲ್ಜಿಯಂ ಕಡೆಯವರು ಮಾಡುವಂಥ ಕಪ್ಪು, ಕಡು ಏಲ್. ಆ ದೇಶ ಅವನು ನೋಡಿದ್ದಲ್ಲ. ಹುದುಗು ಬರಿಸುವ ಯೀಸ್ಟ್ ಮಾತ್ರ ಅಲ್ಲಿಯದು, ಅದೂ ನನ್ನ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಗಾಜಿನ ಕೊಳವೆಯಲ್ಲಿ ಬಂದದ್ದು. ನಾನು ಸೂಕ್ಷ್ಮಜೀವಿಗಳ ಬಗ್ಗೆ ಓದಿದವಳು. ಈ ಊರಿನ ಹುದುಗಿನ ಮಾದರಿ ತೆಗೆದುಕೊಂಡು ಹೋಗಲು ಬಂದಿದ್ದೆ, ಹೋಗಲಿಲ್ಲ. ಅವನು ಬಾರ್ಲಿ ಮಾಲ್ಟನ್ನು ಬೇಯಿಸಿ, ಕಹಿಗೆಂದು ಹಾಪ್ಸ್ ಹೂ ಹಾಕಿ, ಕಪ್ಪು ಬೆಲ್ಲದ ಪಾಕ ಸುರಿದು, ಒಣಗಿದ ಕಿತ್ತಳೆ ಸಿಪ್ಪೆ, ಜಜ್ಜಿದ ಕೊತ್ತಂಬರಿ ಬೀಜ ಹಾಕುತ್ತಿದ್ದ. ಆಮೇಲೆ ಒಂದು ಲೋಟ ತಾನು ಕುಡಿದು ನನ್ನ ಮುಖ ನೋಡುತ್ತಿದ್ದ. ಒಂದು ಲೋಟ ನನಗೆ ಕುಡಿಸಿ ಆಕಾಶ ನೋಡುತ್ತಿದ್ದ. ಅವನಿಗೆ ಬರುತ್ತಿದ್ದ ಮಾತು ಎರಡೇ, "ಒಳ್ಳೇದುಂಟು" ಮತ್ತು "ಎಂತದೋ ಆಗಿದೆ." ಉಳಿದದ್ದನ್ನು ನಾನು ಹೇಳಬೇಕಿತ್ತು. ಬಾಳೆಹಣ್ಣು, ಒಣದ್ರಾಕ್ಷಿ, ರೊಟ್ಟಿ, ಹೊಗೆ ಎಂದು ಹೇಳುತ್ತಾ ಹೋಗುತ್ತಿದ್ದೆ. ಅವನು ಮುಂದಿನ ಸಲ ಬೆಲ್ಲ ತಗ್ಗಿಸುತ್ತಿದ್ದ, ಇಲ್ಲ ಸಿಪ್ಪೆ ಹೆಚ್ಚಿಸುತ್ತಿದ್ದ. ಹಾಗೆ ನಮ್ಮ ಸಂಸಾರ ನಡೆಯಿತು.

ಹೋದ ವರ್ಷ ನನ್ನ ಅಮ್ಮನಿಗೆ ಹುಷಾರಿಲ್ಲವೆಂದು ನಾನು ತವರಿಗೆ ಹೋಗಿದ್ದಾಗ ಅವನು ಒಬ್ಬನೇ ಒಂದು ಏಲ್ ಮಾಡಿದ. ಎದುರಿಗೆ ಜನವಿಲ್ಲದೆ ಒಲೆ ಹಚ್ಚುವುದನ್ನು ಇಲ್ಲಿ ಹುಂಬತನ ಎನ್ನುತ್ತಾರೆ. "ಕಣ್ಣು ಕಟ್ಟಿಕೊಂಡು ಮಾಡಿದ್ದೇನೆ. ನೀನೇ ಬಂದು ಬಿಡಿಸು" ಎಂದು ಫೋನಿನಲ್ಲಿ ನಕ್ಕಿದ್ದ. ಕಡು ಏಲ್ ಸೀಸೆಯೊಳಗೆ ವರ್ಷವಾದರೂ ಮಲಗಬೇಕು. ಅದು ಮಲಗಿದ್ದಾಗ ಅವನಿಗೆ ಜ್ವರ ಬಂತು. ದೊಡ್ಡ ಜ್ವರವೇನಲ್ಲ ಎಂದೇ ಎಲ್ಲರೂ ಹೇಳಿದರು. ನಾನು ಎದುರು ಕೂತು ಅವನ ಕಷಾಯದ ಕಹಿಯನ್ನೆಲ್ಲ ತೆಗೆದುಕೊಂಡೆ. ಒಂದು ಬೆಳಿಗ್ಗೆ ಚಮಚದಲ್ಲಿ ಸಕ್ಕರೆ ನೀರು ಹಾಕಿದೆ. ನೀರು ಬಾಯೊಳಗೆ ಹೋಯಿತು. ನನಗೆ ಏನೂ ಬರಲಿಲ್ಲ. ಇನ್ನೊಂದು ಚಮಚ ಹಾಕಿದೆ. ಬರಲಿಲ್ಲ. ನನಗೆ ಹಾಗೆ ಗೊತ್ತಾಯಿತು.

ಆಮೇಲೆ ನಾನು ಯಾರ ಎದುರೂ ಕೂರಲಿಲ್ಲ. ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಅನ್ನ, ಏನಾದರೊಂದು ಸಾರು. ಅಗಿಯುವುದು, ನುಂಗುವುದು, ತಟ್ಟೆ ತೊಳೆಯುವುದು. ಅದು ದುಃಖವೆಂದು ನನಗೆ ಅನಿಸಿರಲಿಲ್ಲ. ಅನುಕೂಲವಾಗಿತ್ತು. ಊರಿನವರೂ ಒಳ್ಳೆಯವರು. ದಾರಿಯಲ್ಲಿ ಕಡಲೆ ತಿನ್ನುತ್ತ ಬರುವವರು ನನ್ನನ್ನು ಕಂಡರೆ ಬಾಯಿ ನಿಲ್ಲಿಸುತ್ತಿದ್ದರು. ಮದುವೆ ಊಟದಲ್ಲಿ ನನ್ನ ಎದುರಿನ ಎಲೆ ಖಾಲಿ ಬಿಡುತ್ತಿದ್ದರು. ಇಲ್ಲಿ ವಿಧವೆಗೆ ತೋರಿಸುವ ಮರ್ಯಾದೆ ಅದು. ಬೇಸಿಗೆಯಲ್ಲಿ ಅಣ್ಣ ಬಂದು ಹೋದ. "ಮಳೆಗೆ ಮೊದಲು ಮನೆಗೆ ಬಂದುಬಿಡು" ಎಂದ. ಹೂಂ ಎಂದೆ. ಅಲ್ಲಿ ನಾನು ತಿಂದದ್ದರ ರುಚಿ ನನಗೇ ಬರುತ್ತದೆ. ಅದನ್ನು ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆಯ ಹೆಸರು ದೇಜಮ್ಮ. ಅವರ ಅಪ್ಪ ಶೇಂದಿ ಇಳಿಸುತ್ತಿದ್ದವರು. ಗಂಡ ಸಾರಾಯಿ ಕುಡಿದವರು, ಮಗ ಏಲ್ ಮಾಡಿದವನು. ಇಷ್ಟು ಜನರ ನಡುವೆ ಬದುಕಿಯೂ ಅವರ ಗಂಟಲಲ್ಲಿ ಒಂದು ಹನಿ ಇಳಿದಿರಲಿಲ್ಲ. "ಕುಡಿದದ್ದು ಅವರು, ರುಚಿ ಬಂದದ್ದು ನನಗೆ, ಬೈಗುಳ ತಿಂದದ್ದು ಗೋಡೆ" ಎಂದು ಹೇಳುತ್ತಿದ್ದರು. ಎದುರು ಕೂತು ಕೂತು ಸಾರಾಯಿಯ ರುಚಿ ಸಾಕಾಗಿ ಹೋಗಿ, ಗಂಡ ಸತ್ತ ಮೇಲೆ ಅವರು ಕುಡಿಯುವವರ ಎದುರು ಕೂರುವುದನ್ನೇ ಬಿಟ್ಟಿದ್ದರು. ಮಗನ ಏಲನ್ನೂ ಕಂಡವರಲ್ಲ.

ಊರಿನ ಏಲ್ ಮಾಡುವವರೆಲ್ಲ ಹೊಳೆಬದಿಯ ಒಂದೇ ನೆಲಮಾಳಿಗೆಯಲ್ಲಿ ಸೀಸೆಗಳನ್ನು ಇಡುತ್ತಾರೆ. ಅದರ ಬೀಗದ ಕೈ ಲೋಕಯ್ಯನವರ ಹತ್ತಿರ. ಮಳೆ ಹಿಡಿದರೆ ಮಾಳಿಗೆಗೆ ಹೊಳೆ ನೀರು ನುಗ್ಗುತ್ತದೆ, ಆದ್ದರಿಂದ ಅಷ್ಟರಲ್ಲಿ ಎಲ್ಲದರ ಇತ್ಯರ್ಥ ಆಗಬೇಕು. ಮಾಡಿದವನು ಊರೆದುರು ಕುಡಿಯಬೇಕು, ಅವನ ಎದುರಿನವಳು ಹೇಳಬೇಕು. ಹೇಳಲು ಮೂರು ಮಾತಿವೆ. ಆಗಿದೆ ಎಂದರೆ ಸೀಸೆಗಳು ಊರಿಗೆ ಹೋಗುತ್ತವೆ. ಇನ್ನೂ ಆಗಿಲ್ಲ ಎಂದರೆ ಅಟ್ಟಕ್ಕೇರಿ ಮುಂದಿನ ಬೇಸಿಗೆಯವರೆಗೆ ಕಾಯುತ್ತವೆ, ಹಾಗೆಂದವಳು ಮುಂದಿನ ಬೇಸಿಗೆಗೆ ಮತ್ತೆ ಬಂದು ಕೂರಬೇಕು. ಹೋಗಿದೆ ಎಂದರೆ ಹೊಳೆಗೆ. ಯಾರೂ ಏನೂ ಹೇಳದ ಏಲ್ ಕೂಡ ಹೊಳೆಗೇ.

ಲೋಕಯ್ಯ ಒಂದು ಮಧ್ಯಾಹ್ನ ಬಂದರು. ಜಗಲಿಯಲ್ಲಿ ನನ್ನ ಎದುರಲ್ಲದ ಜಾಗ ಹುಡುಕಿ ಕೂತರು.

"ಮೋಡ ಕಟ್ಟಿದೆ ತಾರಿಣಿ. ಎಲ್ಲರದ್ದೂ ಆಯಿತು. ಕಮಲಾಕ್ಷನದು ಒಂದೇ ಉಳಿದದ್ದು" ಎಂದರು.

"ಬೇರೆ ಯಾರಾದರೂ ಹೇಳಲಿ ಲೋಕಯ್ಯಣ್ಣ."

"ಬೇರೆ ಯಾರು ಹೇಳುದು? ಅವನ ಎದುರಿಗೆ ಕೂತವಳು ನೀನು. ಕುಡಿಯುವವನು ಹೋದರೆ ಅವನ ಮನೆಯವರು ಯಾರಾದರೂ ಕುಡಿಯಬಹುದು. ಎದುರಿನವಳು ಬದಲಾಗುವ ಕ್ರಮ ಇಲ್ಲ."

"ಹಾಗಾದರೆ ಹೊಳೆಗೆ ಬಿಡಿ."

ಅವರು ಮೀಸೆ ಸವರಿಕೊಂಡರು. "ಬಿಡುವ. ಬಿಡ್ಲಿಕ್ಕೆ ಎಷ್ಟು ಹೊತ್ತು? ಅವನು ಮಾಡಿದ್ದು ಇನ್ನು ಬೇರೆ ಇಲ್ಲ, ಅಷ್ಟು ಮಾತ್ರ ಹೇಳಿ ಹೋಗುವ ಅಂತ ಬಂದೆ."

ನನಗಿದ್ದ ಭಯ ಅವರಿಗೆ ಹೇಳುವಂಥದ್ದಲ್ಲ. ಆ ಏಲ್ ಇನ್ನು ಕಮಲಾಕ್ಷನ ಬಾಯಿಂದ ಬರುವುದಿಲ್ಲ. ಬೇರೆ ಯಾರ ಬಾಯಿಂದಲೋ ಬರುತ್ತದೆ, ಬಂದು ಅವನ ರುಚಿ ನನ್ನಲ್ಲಿ ಎಲ್ಲಿ ಉಳಿದಿದೆಯೋ ಅದರ ಮೇಲೆ ಕೂರುತ್ತದೆ. ಹೊಳೆಗೆ ಹೋದರೆ ಹಾಗಾಗುವುದಿಲ್ಲ. ಲೋಕಯ್ಯ ಇನ್ನೂ ಸ್ವಲ್ಪ ಹೊತ್ತು ಕೂತರು. ನಾಳೆ ಬೆಳಿಗ್ಗೆ ಮಾಳಿಗೆ ಖಾಲಿ ಮಾಡುವುದು, ಅಷ್ಟರೊಳಗೆ ಮನಸ್ಸು ಬಂದರೆ ಬಾ ಎಂದು ಹೇಳಿ ಎದ್ದು ಹೋದರು.

ಅಡುಗೆಮನೆಗೆ ಹೋಗಿ ಬಡಿಸಿಕೊಂಡೆ. ಗೋಡೆಗೆ ಮುಖ ಮಾಡಿ ಕೂತೆ. ಅದು ಮರದ ಹಲಗೆಯ ಗೋಡೆ, ಅದರಾಚೆ ಅತ್ತೆಯ ಕೋಣೆ. ಎರಡು ತುತ್ತು ತಿಂದಿದ್ದೆ. ಗೋಡೆಯ ಆಚೆಯಿಂದ ಅವರ ದನಿ ಬಂತು.

"ಇವತ್ತೂ ಉಪ್ಪಿಲ್ಲ."

ಕೈ ನಿಂತಿತು.

"ಎಂತ ಅತ್ತೆ?"

"ಸಾರಿಗೆ ಉಪ್ಪಿಲ್ಲ ಅಂದೆ. ನಿನ್ನೆಯೂ ಇರಲಿಲ್ಲ. ಕಳೆದ ತಿಂಗಳು ಒಂದು ದಿವಸ ಎರಡು ಸಲ ಹಾಕಿದ್ದಿ, ನಾನು ಆಚೆ ಓಡಿ ನೀರು ಕುಡಿದೆ. ಆಮೇಲೆ ಮತ್ತೆ ಇಲ್ಲವೇ ಇಲ್ಲ. ಎಷ್ಟು ಕಾಲ ಅಂತ ಸಪ್ಪೆ ಉಣ್ಣಿಸುತ್ತಿ ಮಾರಾಯ್ತಿ ನನಗೆ?"

ಹಲಗೆಯ ಮೂಲಕ ರುಚಿ ದಾಟುತ್ತದೆಂದು ನನಗೆ ಗೊತ್ತಿರಲಿಲ್ಲ. ಅಷ್ಟು ದಿನವೂ ಅವರು ಆಚೆ ಕೂತಿದ್ದರು. ನಾನು ಉಣ್ಣುವ ಹೊತ್ತಿಗೆ ಮಣೆ ಹಾಕಿಕೊಂಡು, ಹಲಗೆಗೆ ಮುಖ ಮಾಡಿ. ತಾವು ಏನನ್ನೂ ಬಾಯಿಗೆ ಹಾಕಿಕೊಳ್ಳದೆ, ನನಗೆ ಗೊತ್ತಾಗದ ಹಾಗೆ. ನಾನು ಯಾರಿಗೂ ಇಲ್ಲವೆಂದುಕೊಂಡು ನುಂಗಿದ ಪ್ರತಿ ತುತ್ತೂ ಒಬ್ಬರಿಗೆ ತಲುಪಿತ್ತು. ಸಪ್ಪೆ ಸಾರು, ಹಳಸಿದ ಅನ್ನ, ಒಮ್ಮೆ ತೊಳೆಯದೆ ಬೇಯಿಸಿದ ಬಸಳೆ.

"ಹೇಳಬಾರದಿತ್ತಾ ಅತ್ತೆ?"

"ಹೇಳಿದ್ದರೆ ನೀನು ಹಿತ್ತಲಿಗೆ ಹೋಗಿ ಕೂತು ಉಣ್ಣುತ್ತಿದ್ದಿ. ಅಲ್ಲಿ ಗೋಡೆ ಎಲ್ಲುಂಟು?"

ನಾನು ಎದ್ದು ಉಪ್ಪಿನ ಭರಣಿ ತಂದೆ. ಸಾರಿಗೆ ಹಾಕಿ ಕಲಸಿ ಒಂದು ತುತ್ತು ತಿಂದೆ. ಆಚೆ ಅತ್ತೆ ನಾಲಿಗೆ ಚಪ್ಪರಿಸಿದ್ದು ಕೇಳಿತು.

"ಈಗ ಆಯ್ತು" ಎಂದರು. ಆಮೇಲೆ ಅದೇ ದನಿಯಲ್ಲಿ, ಮುಗಿಸಿದ ಮಾತನ್ನು ಮುಂದುವರಿಸುವವರ ಹಾಗೆ, "ನಾಳೆ ಬೆಳಿಗ್ಗೆ ಲೋಕಯ್ಯನ ಹತ್ತಿರ ಹೋಗುವ. ಕುಡಿಯುವುದು ನಾನು" ಎಂದರು.

"ನೀವಾ?"

"ಅವನ ಮನೆಯವರು ಬೇರೆ ಯಾರುಂಟು? ಬೆಕ್ಕು ಕುಡಿಯುತ್ತದಾ?"

ಬೇಡ ಎನ್ನಬೇಕೆಂದುಕೊಂಡೆ. ಅಷ್ಟು ತಿಂಗಳು ನನ್ನ ಸಪ್ಪೆ ಉಂಡವರಿಗೆ ಬೇಡ ಎಂದು ಹೇಗೆ ಹೇಳುವುದು.

ಮಾಳಿಗೆಯ ಅಂಗಳದಲ್ಲಿ ಹಲಸಿನ ಮರದ ಕಿರಿದಾದ ಮೇಜು, ಎರಡು ಸ್ಟೂಲು. ಜನ ಎರಡು ಬದಿಗೆ ನಿಂತಿದ್ದರು. ಕುಡಿಯುವವರ ನೇರಕ್ಕೆ ಯಾರೂ ನಿಲ್ಲುವುದಿಲ್ಲ, ರುಚಿ ಚೆದುರುತ್ತದೆ ಎನ್ನುತ್ತಾರೆ. ಅತ್ತೆ ಮದುವೆ ಮನೆಗೆ ಹೊರಟವರ ಹಾಗೆ ಹಸಿರು ಸೀರೆ ಉಟ್ಟಿದ್ದರು. ಸ್ಟೂಲಿನ ಮೇಲೆ ಕೂತು ಸೆರಗು ಸಿಕ್ಕಿಸಿಕೊಂಡು, "ಲೋಕಯ್ಯ, ಇದು ಎಷ್ಟು ತಲೆಗೇರುತ್ತದೆ?" ಎಂದು ಕೇಳಿದರು.

"ಸಾಧಾರಣ ಬಿಯರಿನ ಎರಡರಷ್ಟು ದೇಜಕ್ಕ. ಮೆಲ್ಲ ಕುಡಿಯಿರಿ."

"ಮೆಲ್ಲ ಕುಡಿದರೆ ಮೆಲ್ಲ ಏರುತ್ತದಾ?"

"ಏರುದು ಏರುತ್ತದೆ."

"ಮತ್ತೆ ಮೆಲ್ಲ ಎಂತಕ್ಕೆ?"

ಬದಿಯಲ್ಲಿದ್ದವರು ನಕ್ಕರು. ಲೋಕಯ್ಯ ಸೀಸೆಯನ್ನು ಓರೆ ಹಿಡಿದು, ತಳದ ಮಡ್ಡಿ ಏಳದ ಹಾಗೆ ಸುರಿದರು. ಕಂದು ಬಣ್ಣ. ಬಿಸಿಲು ಹಾದ ಕಡೆ ಅಂಚಿನಲ್ಲಿ ಕೆಂಪು. ಮೇಲೆ ಹಾಲು ಹಾಕಿದ ಕಾಫಿಯ ಬಣ್ಣದ ನೊರೆ, ದಪ್ಪಗೆ, ಇಳಿಯಲು ಅವಸರವಿಲ್ಲದ ಹಾಗೆ ನಿಂತಿತು. ವಾಸನೆ ಮಾತ್ರ ಈ ಊರಿನಲ್ಲೂ ಅವರವರದೇ. ಕಳಿತ ಬಾಳೆಹಣ್ಣು, ಆಗಷ್ಟೇ ತೆಗೆದ ರೊಟ್ಟಿಯ ಸುಟ್ಟ ಅಂಚು. ನಾನು ಮೇಜಿನ ಅಂಚು ಹಿಡಿದುಕೊಂಡೆ.

ಅತ್ತೆ ಲೋಟ ಎತ್ತಿ ಕಷಾಯ ಕುಡಿಯುವವರ ಹಾಗೆ ಒಂದು ದೊಡ್ಡ ಗುಟುಕು ಕುಡಿದರು.

"ಗಂಟಲಲ್ಲಿ ಇರುವೆ ಹರಿದ ಹಾಗೆ ಆಗ್ತದೆ" ಎಂದರು.

ಮೊದಲು ಬಂದದ್ದು ಅತ್ತೆ. ವೀಳ್ಯದೆಲೆ, ಸುಣ್ಣ, ಬೆಳಿಗ್ಗೆ ತಿಂದ ರಾಗಿ ಹಿಟ್ಟು. ಅಪರಿಚಿತರ ಮನೆಯ ಬಾಗಿಲು ತೆರೆದ ಹಾಗಿತ್ತು. ಕಮಲಾಕ್ಷನಿಗಾಗಿ ಕಾದೆ. ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಕಾದೆ. ಅಷ್ಟರಲ್ಲಿ ಸಿಹಿ ಬಂತು. ಅದು ನನ್ನನ್ನು ಕೇಳಿ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ನಾಲಿಗೆಯ ಮೇಲೆ ಬಿದ್ದ ಮೊದಲ ಸಿಹಿ ಅದು, ಅದೂ ಇಷ್ಟು ಕಡುವಾದದ್ದು. ದವಡೆಯ ಎರಡೂ ಬದಿ ಹಿಡಿದುಕೊಂಡಂತಾಗಿ ಕಣ್ಣಲ್ಲಿ ನೀರು ತುಂಬಿತು. ಕಪ್ಪು ದ್ರಾಕ್ಷಿ, ಖರ್ಜೂರ. ಅದರ ಹಿಂದೆ ಬೆಲ್ಲ, ಬೆಲ್ಲದ ಹಿಂದೆ ಸೀದ ಬೆಲ್ಲ. ಆಮೇಲೆ ಲವಂಗ. ಲವಂಗ ಹಾಕಿದ್ದಲ್ಲ, ಯೀಸ್ಟ್ ಕೊಡುವಂಥದ್ದು. ಪ್ರಯೋಗಾಲಯದಲ್ಲಿ ಅದಕ್ಕೊಂದು ಹೆಸರು ಕಲಿತಿದ್ದೆ, ಈಗ ನೆನಪಾಗಲಿಲ್ಲ.

"ಇನ್ನೊಮ್ಮೆ ಅತ್ತೆ" ಎಂದೆ.

ಅವರು ಇನ್ನೊಮ್ಮೆ ಕುಡಿದರು. ಈ ಸಲ ಏಲ್ ಬೇಗ ಬಂತು, ಅತ್ತೆ ಹಿಂದೆ ಉಳಿದರು. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಕಹಿ. ಕೊತ್ತಂಬರಿ ಬೀಜ ಎಲ್ಲೋ ದೂರದಲ್ಲಿ. ಕಾಳುಮೆಣಸಿನ ಹಾಗೆ ಚುರುಕು. ಆಮೇಲೆ ಅಮಲಿನ ಒರಟು, ಒಮ್ಮೆಯೂ ಒಗೆಯದ ಹೊಸ ಬಟ್ಟೆ ಮೈಗೆ ತಾಗಿದ ಹಾಗೆ. ಸಿಹಿ ಒಂದು ಕಡೆ ನಿಂತಿತ್ತು, ಕಹಿ ಇನ್ನೊಂದು ಕಡೆ. ಒಂದೇ ಮನೆಗೆ ಬಂದ ಇಬ್ಬರು ನೆಂಟರು ಇನ್ನೂ ಮಾತಾಡಿಕೊಳ್ಳದ ಹಾಗೆ. ಆದರೂ ಕೊನೆಗೆ, ಎಲ್ಲ ಹೋದ ಮೇಲೆ, ನಾಲಿಗೆಯ ಹಿಂದೆ ಒಂದು ಒಣ, ಸ್ವಚ್ಛ ಕಹಿ ಉಳಿಯಿತು. ಬಹಳ ಹೊತ್ತು ಉಳಿಯಿತು. ಅದು ಹೋಗಬಾರದೆಂದು ನಾನು ಉಗುಳು ನುಂಗಲಿಲ್ಲ.

ಅವನು ಹೇಗೆ ಮಾಡಿರಬಹುದೆಂದು ಕಾಣುತ್ತಿತ್ತು. ಹೇಳುವವರಿಲ್ಲದೆ ಬೆಲ್ಲ ಸಾಕೋ ಸಾಲದೋ ತಿಳಿಯದೆ ಮತ್ತೊಂದು ಅಚ್ಚು ಹಾಕಿದ್ದಾನೆ. ಹಾಕಿದ ಮೇಲೆ ಹೆದರಿ ಹಾಪ್ಸ್ ಹೆಚ್ಚಿಸಿದ್ದಾನೆ. ಅದಕ್ಕೂ ಹೆದರಿ ಒಂದು ಮುಷ್ಟಿ ಸಿಪ್ಪೆ. ನಾನು ಇದ್ದಿದ್ದರೆ ಮೊದಲ ಅಚ್ಚಿಗೇ ಸಾಕು ಎನ್ನುತ್ತಿದ್ದೆ. ಇಷ್ಟು ದೊಡ್ಡ ಏಲ್ ಆಗುತ್ತಿರಲಿಲ್ಲ.

ಲೋಕಯ್ಯ ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆ ಪ್ರಶ್ನೆ ಕೇಳುವಾಗ ಹಾಗೆ ಮಾಡುವುದು ಕ್ರಮ.

"ಎದುರಿಗೆ ಏನು ಬಂತು?"

ಆಗಿದೆ ಎಂದು ಹೇಳಬಹುದಿತ್ತು. ಸುತ್ತಲಿನ ಮುಖಗಳಿಗೆ ಅದೇ ಬೇಕಿತ್ತು. ಸೀಸೆಗಳು ಮನೆಮನೆಗೆ ಹೋಗುತ್ತಿದ್ದವು. ಊರೆಲ್ಲ ಎದುರುಬದುರು ಕೂತು ಅವನನ್ನು ನೆನೆದು ಕುಡಿಯುತ್ತಿತ್ತು. ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. ನಾನು ಅಣ್ಣನ ಮನೆಗೆ ಹೋಗಬಹುದಿತ್ತು.

ಬಂದದ್ದನ್ನು ಬಂದ ಹಾಗೆ ಹೇಳಿದೆ. ದ್ರಾಕ್ಷಿಯಿಂದ ಶುರು ಮಾಡಿ ಕೊನೆಯ ಕಹಿಯವರೆಗೆ. ನನ್ನ ದನಿ ನನಗೇ ಬೇರೆಯವರದರ ಹಾಗೆ ಕೇಳುತ್ತಿತ್ತು. ಕಮಲಾಕ್ಷ ಹೋದ ಮೇಲೆ ನಾನು ಒಟ್ಟಿಗೆ ಅಷ್ಟು ಮಾತು ಆಡಿರಲಿಲ್ಲ.

"ಅವಸರದ ಏಲ್ ಅಲ್ಲ. ಹಾಳೂ ಆಗಿಲ್ಲ. ಸಿಹಿಗೂ ಕಹಿಗೂ ಇನ್ನೂ ಗುರುತಾಗಿಲ್ಲ, ಆಗುತ್ತದೆ" ಎಂದೆ. ಆಮೇಲೆ "ಇನ್ನೂ ಆಗಿಲ್ಲ" ಎಂದು ಹೇಳಿ ಮುಗಿಸಿದೆ.

ಲೋಕಯ್ಯ ನನ್ನನ್ನೇ ನೋಡಿದರು. "ಗೊತ್ತುಂಟಲ್ಲ, ಬರುವ ವರ್ಷ ನೀನೇ ಕೂರಬೇಕು."

"ಗೊತ್ತುಂಟು ಲೋಕಯ್ಯಣ್ಣ."

ಅವರು ಮುಂಡಾಸು ಕಟ್ಟಿಕೊಂಡರು. ಸೀಸೆಗಳನ್ನು ಅಟ್ಟಕ್ಕೆ ಸಾಗಿಸಿ ಎಂದು ಯಾರಿಗೋ ಕೂಗಿದರು. ಅಂಗಳ ಸಡಿಲವಾಯಿತು, ಜನ ಮಾತಾಡತೊಡಗಿದರು. ಅತ್ತೆ ಮಾತ್ರ ಕೂತಲ್ಲೇ ಇದ್ದರು. ಲೋಟ ಖಾಲಿಯಾಗಿತ್ತು. ಕಿವಿ ಕೆಂಪಾಗಿತ್ತು. ಹಣೆಯ ಮೇಲೆ ಬೆವರು.

"ಬರುವ ವರ್ಷವೂ ನಾನೇ ಕುಡಿಯಬೇಕಾ?" ಎಂದು ಕೇಳಿದರು.

"ಹೌದು ಅತ್ತೆ."

"ಹಾಗಾದರೆ ಒಂದು ವರ್ಷ ಸಾಯಲಿಕ್ಕಿಲ್ಲ." ಅದಕ್ಕೆ ತಾವೇ ನಕ್ಕರು. ನಗು ನಿಲ್ಲಿಸಲು ಆಗದೆ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಮೇಜಿನತ್ತ ಬಾಗಿ, ಗುಟ್ಟು ಹೇಳುವವರ ಹಾಗೆ, ಆದರೆ ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿ ಹೇಳಿದರು. "ಅವನು ನನ್ನನ್ನು ಕರೆದಿದ್ದ ತಾರೀ."

"ಯಾರು?"

"ನೀನು ಇರಲಿಲ್ಲ. ತವರಿಗೆ ಹೋಗಿದ್ದಿ. ಒಲೆ ಹಚ್ಚಿ ಅಡುಗೆಮನೆಗೆ ಬಂದ. ಅಮ್ಮ, ಒಂದು ಗಳಿಗೆ ಎದುರು ಬಂದು ಕೂರು, ಬೆಲ್ಲ ಹೇಗುಂಟು ಅಂತ ಮಾತ್ರ ಹೇಳು ಅಂದ. ನಾನು, ನಿನ್ನ ಅಪ್ಪನ ಎದುರು ಕೂತದ್ದು ಸಾಕು, ನನಗೆ ಕೆಲಸ ಉಂಟು ಅಂದೆ. ಎಂತ ಕೆಲಸ? ಹುರುಳಿ ಆರಿಸುತ್ತಿದ್ದೆ." ಅವರು ಖಾಲಿ ಲೋಟದೊಳಗೆ ನೋಡಿದರು. "ನೀನು ಈಗ ಅಷ್ಟೆಲ್ಲ ಹೇಳಿದಿ. ದ್ರಾಕ್ಷಿ ಅಂದಿ, ಲವಂಗ ಅಂದಿ. ಊರಿಡೀ ಕೇಳಿತು. ನಾನು ಒಂದು ಲೋಟ ಪೂರ್ತಿ ಕುಡಿದೆ ಮಗಾ, ನನಗೆ ಎಂತದೂ ಗೊತ್ತಾಗಲಿಲ್ಲ. ನೀರು ಕುಡಿದ ಹಾಗೆ ಉಂಟು. ತಲೆ ಮಾತ್ರ ತಿರುಗುತ್ತದೆ."

ಸೀಸೆಯಲ್ಲಿ ಇನ್ನೂ ಕಾಲು ಭಾಗ ಇತ್ತು. ಎದುರಿನವಳು ಹೇಳಿದ ದಿನ ಕುಡಿಯುವ ಹಾಗಿಲ್ಲ, ಅದೂ ಒಂದು ಕ್ರಮ. ನಾನು ಅತ್ತೆಯ ಲೋಟವನ್ನು ನನ್ನ ಕಡೆ ಎಳೆದುಕೊಂಡೆ. ಲೋಕಯ್ಯ ನೋಡಿದರು. ನೋಡಿ, ಮೋಡ ಎಷ್ಟು ದೂರ ಬಂತೆಂದು ಪರೀಕ್ಷಿಸುವವರ ಹಾಗೆ ತಲೆ ಎತ್ತಿ ಆಚೆ ತಿರುಗಿ ನಿಂತರು. ಸೀಸೆಯನ್ನು ಬಗ್ಗಿಸಿದೆ. ತಳದ ಮಡ್ಡಿಯೂ ಬಂತು, ಬರಲಿ ಎಂದು ಬಿಟ್ಟೆ.

"ನೆಟ್ಟಗೆ ಕೂತುಕೊಳ್ಳಿ ಅತ್ತೆ. ನನ್ನ ನೇರಕ್ಕೆ."

ಅವರು ಸ್ಟೂಲು ಸರಿಸಿಕೊಂಡರು. ಎರಡೂ ಕೈ ತೊಡೆಯ ಮೇಲಿಟ್ಟು, ಡಾಕ್ಟರ ಎದುರು ಕೂತವರ ಹಾಗೆ ನನ್ನನ್ನು ನೋಡಿದರು. ನಾನು ಕುಡಿದೆ. ನನಗೆ ಏನೂ ಬರಲಿಲ್ಲ. ತಣ್ಣಗೆ ಇಳಿದು ಎದೆಯ ನಡುವೆ ಬೆಚ್ಚಗಾಯಿತು, ಅಷ್ಟೇ.

ಅತ್ತೆಯ ಬಾಯಿ ಸ್ವಲ್ಪ ತೆರೆಯಿತು, ಮುಚ್ಚಿತು. ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ದವಡೆ ಮೆಲ್ಲಗೆ ಆಡುತ್ತಿತ್ತು. ಬಾಯಲ್ಲಿಲ್ಲದ್ದನ್ನು ಅವರು ಅಗಿಯುತ್ತಿದ್ದರು. ಅಂಗಳದಲ್ಲಿ ಸೀಸೆಗಳು ಒಂದಕ್ಕೊಂದು ತಾಗುವ ಸದ್ದು. ಯಾರೋ ಮಳೆ ಬಂತು ಬಂತು ಎಂದು ಅವಸರಿಸುತ್ತಿದ್ದರು.

"ಬೆಲ್ಲ ಸೀದಿದೆ" ಎಂದರು ಅತ್ತೆ.

"ಹೌದು."

"ಪಾಕಕ್ಕೆ ಇಟ್ಟರೆ ಸೌಟು ಬಿಡಬಾರದು ಅಂತ ಎಷ್ಟು ಸಲ ಹೇಳಿದ್ದೇನೆ ಅವನಿಗೆ. ಬಿಟ್ಟಿದ್ದಾನೆ. ಎಂತದೋ ನೋಡ್ಲಿಕ್ಕೆ ಹೋಗಿದ್ದಾನೆ." ಅವರ ದನಿ ಬೈಯುವ ದನಿ. ಮಗ ಪಕ್ಕದ ಕೋಣೆಯಲ್ಲಿ ಇರುವಾಗ, ಅವನಿಗೂ ಕೇಳಲಿ ಎಂದು ಬೈಯುವ ದನಿ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಇನ್ನೂ ಏನನ್ನೋ ಹುಡುಕುತ್ತಿದ್ದರು.

"ಸಿಹಿ ಹೆಚ್ಚಾಯಿತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅಷ್ಟೇನೂ ಇಲ್ಲ" ಎಂದರು.

ಮೊದಲ ಹನಿಗಳು ಮೇಜಿನ ಮೇಲೆ ಬಿದ್ದವು. ಜನ ಮಾಳಿಗೆಯ ಸೂರಿನಡಿಗೆ ಓಡಿದರು. ನಾವಿಬ್ಬರೂ ಏಳಲಿಲ್ಲ.

"ಕುಡಿ ಮಗಾ, ಇನ್ನೊಂದು ಗುಟುಕು" ಎಂದರು ಅತ್ತೆ. "ಮೆಲ್ಲ ಕುಡಿ. ಅವಸರ ಇಲ್ಲ."

ನಾನು ಮೆಲ್ಲ ಕುಡಿದೆ.